ಮೂರು ಕಡತ, ಒಂದು ಬಾವು

ಕಳೆದ ವಾರ ಕೊನೆಯ ಸ್ಕ್ಯಾನಿನ ವರದಿ ಕೈಗೆ ಬಂತು. ಎಡಗಿವಿಯ ಕೆಳಗೆ 16 ತಿಂಗಳ ಹಿಂದೆ ಎದ್ದು, ಇಳಿಯದೆ ಉಳಿದಿದ್ದ ಬಾವಿನ ಜಾಗದಲ್ಲಿ ಈಗ ಕ್ಯಾನ್ಸರಿನ ಚಟುವಟಿಕೆ ಕಾಣುತ್ತಿಲ್ಲ ಎಂದು ಅದರಲ್ಲಿದೆ. ವರದಿಯನ್ನು ಕಡತಕ್ಕೆ ಸೇರಿಸಲು ಹೋದರೆ ಕಡತ ಮುಚ್ಚಲೊಲ್ಲದು. ಅಷ್ಟು ಕಾಗದ ತುಂಬಿದೆ. ಮೊದಲು ಅದು ಮೂರು ಕಡತವಾಗಿತ್ತು. ಸಂಧಿವಾತ ತಜ್ಞರ ಬಳಿ ಹೋಗುವಾಗ ಒಂದು, ಲಿವರ್ ತಜ್ಞರ ಬಳಿ ಹೋಗುವಾಗ ಇನ್ನೊಂದು, ಕ್ಯಾನ್ಸರ್ ವಿಭಾಗಕ್ಕೆ ಮತ್ತೊಂದು. ಒಂದು ರಾತ್ರಿ ನನ್ನ ಮಗಳು ಎಲ್ಲವನ್ನೂ ನೆಲದ ಮೇಲೆ ಹರಡಿ, ದಿನಾಂಕದ ಪ್ರಕಾರ ಜೋಡಿಸಿ ಒಂದೇ ಕಡತ ಮಾಡಿದಳು. ನನ್ನ ಚಿಕಿತ್ಸೆ ಸರಿಯಾದ ದಾರಿ ಹಿಡಿದದ್ದು ಆ ರಾತ್ರಿಯಿಂದ.

ಸ್ವಂತ ದೇಹವನ್ನೇ ಶತ್ರುವೆಂದು ಭಾವಿಸುವ ಸ್ವಯಂ ಪ್ರತಿರೋಧ ಕಾಯಿಲೆ, ವರ್ಷಗಟ್ಟಲೆ ಒಳಗೆ ಅಡಗಿರುವ ವೈರಸ್ ಸೋಂಕು, ಇವೆರಡರ ನಡುವೆ ಹುಟ್ಟುವ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್: ಈ ಮೂರನ್ನೂ ಒಟ್ಟಿಗೆ ಎದುರಿಸಬೇಕಾದವರು ಹೆಚ್ಚು ಜನ ಇರಲಾರರು. ಆದರೆ ಇರುವವರು ಬಹಳ ಒಂಟಿಯಾಗಿರುತ್ತಾರೆ. ಅವರಿಗಾಗಿ, ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನನಗೆ ಕೊಟ್ಟ ಔಷಧ ನಿಮಗೂ ಸರಿ ಎಂದು ತಿಳಿಯಬೇಡಿ. ಆದರೆ ನಾನು ಕೇಳಲು ಮರೆತ ಪ್ರಶ್ನೆಗಳನ್ನು ನೀವು ಕೇಳಿ.

ನನಗೆ ಶೋಗ್ರೆನ್ ಎಂಬ ಸ್ವಯಂ ಪ್ರತಿರೋಧ ಕಾಯಿಲೆ ಇದೆ ಎಂದು ಗೊತ್ತಾಗಿ ಒಂಬತ್ತು ವರ್ಷವಾಗಿತ್ತು. ಹೆನ್ರಿಕ್ ಶೋಗ್ರೆನ್ ಎಂಬ ಸ್ವೀಡನ್ನಿನ ಕಣ್ಣಿನ ವೈದ್ಯರು 1933ರಲ್ಲಿ 19 ಮಹಿಳೆಯರ ಕಣ್ಣು, ಬಾಯಿ ಒಣಗುವ ತೊಂದರೆಯನ್ನು ವಿವರವಾಗಿ ದಾಖಲಿಸಿದ್ದರಿಂದ ಅದಕ್ಕೆ ಅವರ ಹೆಸರು. ದೇಹದ ರಕ್ಷಣೆಗಿರುವ ಬಿಳಿ ರಕ್ತಕಣಗಳು ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳಿಗೆ ನುಗ್ಗಿ ಅವನ್ನು ಹಾಳುಮಾಡುತ್ತವೆ. ಕಣ್ಣಿನಲ್ಲಿ ಮರಳು ಬಿದ್ದಂತೆ ಸದಾ ಉರಿ. ನೀರಿಲ್ಲದೆ ಒಂದು ತುತ್ತೂ ಗಂಟಲಿಗೆ ಇಳಿಯುತ್ತಿರಲಿಲ್ಲ. ಜೊಲ್ಲಿಲ್ಲದ ಬಾಯಿಯಲ್ಲಿ ಹಲ್ಲುಗಳು ಬೇಗ ಹುಳುಕಾಗುತ್ತವೆ. ನಾನು ಐದು ಹಲ್ಲು ಕಳೆದುಕೊಂಡಿದ್ದೆ. ಇಷ್ಟೆಲ್ಲಕ್ಕೂ ಒಗ್ಗಿಹೋಗಿದ್ದೆ. ಆ ಒಗ್ಗಿಕೊಂಡದ್ದೇ ಮುಂದೆ ನನಗೆ ತೊಡಕಾಯಿತು. ಕಿವಿಯ ಕೆಳಗಿನ ದೊಡ್ಡ ಜೊಲ್ಲು ಗ್ರಂಥಿ ಆಗಾಗ ಊದುವುದು, ಹತ್ತು ಹದಿನೈದು ದಿನದಲ್ಲಿ ತಾನಾಗಿ ಇಳಿಯುವುದು ನನಗೆ ಹೊಸದಾಗಿರಲಿಲ್ಲ. ಹಾಗಾಗಿ ಈ ಸಲ ಎದ್ದ ಬಾವು ಇಳಿಯಲಿಲ್ಲ ಎಂಬುದನ್ನು ಗಮನಿಸಲು ನನಗೆ ಆರು ವಾರ ಬೇಕಾಯಿತು. ನೋವಿರಲಿಲ್ಲ. ಮೊದಲಿನ ಬಾವುಗಳು ಮೆತ್ತಗಿದ್ದು ನೋಯುತ್ತಿದ್ದವು. ಇದು ಗಟ್ಟಿಯಾಗಿತ್ತು, ಒಂದೇ ಕಡೆ ಇತ್ತು, ನೋಯುತ್ತಲೇ ಇರಲಿಲ್ಲ.

ಶೋಗ್ರೆನ್ ಇರುವವರಿಗೆ ಇಲ್ಲೇ ಒಂದು ಮಾತು. ಈ ಕಾಯಿಲೆ ಇರುವವರಲ್ಲಿ ಲಿಂಫೋಮಾ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಎಂದು ಒಂಬತ್ತು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹೆಚ್ಚಿನವರಿಗೆ ಅದು ಎಂದೂ ಬರುವುದಿಲ್ಲ, ನಿಜ. ಹೆದರಿಸಬಾರದೆಂದು ಹೇಳದೇ ಇದ್ದಿರಬಹುದು. ಆದರೆ ಇಳಿಯದ ಬಾವು, ಕಾಲಿನ ಮೇಲೆ ಕೆಂಪು ಚುಕ್ಕೆಗಳು, ರಕ್ತದಲ್ಲಿ ಸಿ4 ಎಂಬ ಪ್ರೋಟೀನ್ ತಗ್ಗುವುದು, ಇವು ಎಚ್ಚರಿಕೆಯ ಗುರುತುಗಳೆಂದು ತಿಳಿದಿದ್ದರೆ ನಾನು ಮೊದಲ ವಾರವೇ ಎದ್ದು ಹೊರಡುತ್ತಿದ್ದೆ. ಏಕೆಂದರೆ ಚುಕ್ಕೆಗಳೂ ನನಗಿದ್ದವು. ದಿನವಿಡೀ ನಿಂತು ಕೆಲಸ ಮಾಡಿದ ಸಂಜೆ ಮೊಣಕಾಲಿನ ಕೆಳಗೆ ಸಾಸಿವೆ ಕಾಳು ಚೆಲ್ಲಿದಂತೆ ಕೆನ್ನೀಲಿ ಚುಕ್ಕೆಗಳು ಏಳುತ್ತಿದ್ದವು, ಒತ್ತಿದರೂ ಮಾಯವಾಗುತ್ತಿರಲಿಲ್ಲ. ಚರ್ಮದ ಅಲರ್ಜಿ ಎಂದು ಮುಲಾಮು ಹಚ್ಚಿಕೊಂಡಿದ್ದೆ.

ಮೊದಲು ನೋಡಿದ ವೈದ್ಯರು ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿರಬಹುದು ಎಂದರು. ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಾಣಲಿಲ್ಲ. ಸಣ್ಣ ಸೂಜಿ ಚುಚ್ಚಿ ಕೆಲವು ಕೋಶಗಳನ್ನು ಎಳೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನದ ನಂತರ ಬಂದ ವರದಿಯಲ್ಲಿ ಉರಿಯೂತ ಮಾತ್ರ ಇದೆ, ಕ್ಯಾನ್ಸರಿನ ಲಕ್ಷಣವಿಲ್ಲ ಎಂದಿತ್ತು. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಬಾವು ಇಳಿಯಲೆಂದು ಎರಡು ವಾರ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಬಾವು ಇಳಿಯಿತು. ಮಾತ್ರೆ ಮುಗಿದ ಮೂರನೆಯ ವಾರ ಮತ್ತೆ ಎದ್ದಿತು, ಈ ಸಲ ಕತ್ತಿನಲ್ಲಿ ಇನ್ನೊಂದು ಸಣ್ಣ ಗಂಟಿನೊಂದಿಗೆ.

ಆ ಎರಡು ತಿಂಗಳು ಹೋದದ್ದು ಹೋಯಿತು. ಆದರೆ ನಿಮ್ಮದು ಹೋಗದಿರಲಿ. ಸಣ್ಣ ಸೂಜಿಯಲ್ಲಿ ಬರುವುದು ಚದುರಿದ ಕೋಶಗಳು ಮಾತ್ರ. ನಿಧಾನವಾಗಿ ಬೆಳೆಯುವ ಲಿಂಫೋಮಾದ ಕೋಶಗಳು ನೋಡಲು ಸಾಮಾನ್ಯ ಬಿಳಿ ರಕ್ತಕಣಗಳಂತೆಯೇ ಇರುತ್ತವೆ. ಅವು ಅಂಗಾಂಶದಲ್ಲಿ ಹೇಗೆ ಕೂತಿವೆ ಎಂಬುದು ಕಂಡರೆ ಮಾತ್ರ ರೋಗ ತಿಳಿಯುತ್ತದೆ. ಅದಕ್ಕೆ ದಪ್ಪ ಸೂಜಿಯ ಬಯಾಪ್ಸಿಯೋ, ಗಂಟನ್ನೋ ಅದರ ಭಾಗವನ್ನೋ ಕತ್ತರಿಸಿ ತೆಗೆಯುವ ಬಯಾಪ್ಸಿಯೋ ಬೇಕು. ಸ್ಟಿರಾಯ್ಡ್ ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಮರೆಮಾಡಬಲ್ಲದು. ಅನುಮಾನವಿದ್ದರೆ ಮೊದಲು ಬಯಾಪ್ಸಿ, ಆಮೇಲೆ ಸ್ಟಿರಾಯ್ಡ್. ಇದನ್ನು ನನಗೆ ಹೇಳಿದ್ದು ಎರಡನೆಯ ಅಭಿಪ್ರಾಯ ಕೇಳಲು ಹೋದ ಕಡೆಯ ಹಿರಿಯ ಶಸ್ತ್ರಚಿಕಿತ್ಸಕರು. ಅವರು ಬಾವನ್ನು ಮುಟ್ಟಿ ನೋಡಿ, ನನ್ನ ಕಾಲುಗಳನ್ನು ತೋರಿಸಲು ಹೇಳಿದರು. ಕಿವಿಯ ಬಳಿಯ ಬಾವಿಗೆ ಕಾಲನ್ನು ಏಕೆ ನೋಡುತ್ತಾರೆ ಎಂದು ನನಗೆ ಅಚ್ಚರಿ. ಚುಕ್ಕೆಗಳನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಮ್ಮಾ, ಇದನ್ನು ಎಷ್ಟು ದಿನದಿಂದ ನೋಡುತ್ತಿದ್ದೀರಿ?" ಎಂದರು.

"ಒಂದು ವರ್ಷವಾಗಿರಬಹುದು ಡಾಕ್ಟರೇ."

"ಯಾರಿಗೂ ತೋರಿಸಲಿಲ್ಲವೇ?"

ತೋರಿಸಿರಲಿಲ್ಲ. ಕಾಲಿಗೂ ಕಿವಿಗೂ ಸಂಬಂಧವಿದೆಯೆಂದು ಹೇಗೆ ಊಹಿಸಲಿ?

ಆ ವಾರವೇ ಬಯಾಪ್ಸಿ ಆಯಿತು. ಮುಖದ ಸ್ನಾಯುಗಳನ್ನು ಆಡಿಸುವ ನರ ಆ ಗ್ರಂಥಿಯ ಒಳಗೇ ಹಾದುಹೋಗುತ್ತದೆ. ಹಾಗಾಗಿ ಇಡೀ ಗ್ರಂಥಿ ತೆಗೆಯದೆ, ಅಲ್ಟ್ರಾಸೌಂಡ್ ನೋಡುತ್ತ ದಪ್ಪ ಸೂಜಿಯಿಂದ ನಾಲ್ಕು ತುಣುಕು ತೆಗೆದರು. ಜಾಗ ಮರಗಟ್ಟಿಸಿದ್ದರಿಂದ ನೋವು ಕಡಿಮೆ. ನೋವಿದ್ದದ್ದು ನಂತರದ ಕಾಯುವಿಕೆಯಲ್ಲಿ. ಒಂದು ವಾರಕ್ಕೆ ಬಂದ ಮೊದಲ ವರದಿಯಲ್ಲಿ ಲಿಂಫೋಮಾದ ಅನುಮಾನವಿದೆ, ಕೋಶಗಳಿಗೆ ಬಣ್ಣ ಹಾಕಿ ನೋಡುವ ಇನ್ನಷ್ಟು ಪರೀಕ್ಷೆಗಳಾಗಬೇಕು ಎಂದಿತ್ತು. ಆ ಪರೀಕ್ಷೆಗಳು ಹಂತ ಹಂತವಾಗಿ ನಡೆಯುತ್ತವೆ: ಒಂದು ಗುಂಪಿನ ಫಲಿತಾಂಶ ನೋಡಿ ಮುಂದಿನ ಗುಂಪನ್ನು ಆರಿಸುತ್ತಾರೆ. ಹಾಗಾಗಿ ಇನ್ನೂ ಹನ್ನೆರಡು ದಿನ. ದಿನಕ್ಕೆ ಹತ್ತು ಸಲ ಮೊಬೈಲ್ ನೋಡುತ್ತಿದ್ದೆ. ರಾತ್ರಿ ಎಚ್ಚರವಾದಾಗಲೆಲ್ಲ ಕೈ ತಾನಾಗಿ ಕಿವಿಯ ಕೆಳಗೆ ಹೋಗುತ್ತಿತ್ತು. ಹೆಸರಿಲ್ಲದ ಭಯಕ್ಕಿಂತ ಹೆಸರಿರುವ ಕ್ಯಾನ್ಸರೇ ಮೇಲು ಎಂದು ಅನ್ನಿಸುವ ಮಟ್ಟಕ್ಕೆ ಬಂದಿದ್ದೆ.

ಹೆಸರು ಬಂತು: ಮಾಲ್ಟ್ ಲಿಂಫೋಮಾ. ಬಿ ಕೋಶಗಳೆಂಬ ಬಿಳಿ ರಕ್ತಕಣಗಳಿಂದ ಹುಟ್ಟುವುದು, ನಿಧಾನವಾಗಿ ಬೆಳೆಯುವುದು. ಕೋಶಗಳ ಮೇಲ್ಮೈಯಲ್ಲಿ ಸಿಡಿ20 ಎಂಬ ಗುರುತು ಇದೆ ಎಂದು ವರದಿಯಲ್ಲಿತ್ತು. ಕ್ಯಾನ್ಸರ್ ತಜ್ಞರು ಆ ಸಾಲಿನ ಕೆಳಗೆ ಗೆರೆ ಎಳೆದು, "ಇದು ನಮಗೆ ಬೇಕಾದ ಸುದ್ದಿ" ಎಂದರು. ಈ ಗುರುತನ್ನೇ ಹುಡುಕಿ ಹಿಡಿಯುವ ರಿಟುಕ್ಸಿಮ್ಯಾಬ್ ಎಂಬ ಔಷಧ 1997ರಿಂದ ಬಳಕೆಯಲ್ಲಿದೆ. ಮುಂದಿನ ವಾರವೇ ಆರಂಭಿಸೋಣ, ಅದಕ್ಕೆ ಮೊದಲು ಎಲ್ಲರಿಗೂ ಮಾಡುವ ಕೆಲವು ರಕ್ತಪರೀಕ್ಷೆ ಆಗಲಿ ಎಂದರು.

ಆ 'ಎಲ್ಲರಿಗೂ ಮಾಡುವ' ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಇದೆ ಎಂದು ಬಂತು.

ಕ್ಯಾನ್ಸರ್ ಎಂದಾಗ ಅಳದಿದ್ದ ನಾನು ಈ ಕಾಗದ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಇದು ಲಿವರನ್ನು ಕಾಡುವ, ರಕ್ತದಿಂದ ಹರಡುವ ವೈರಸ್ ಸೋಂಕು. ಜನ ಏನೆಂದುಕೊಳ್ಳುತ್ತಾರೆ, ಗಂಡನಿಗೂ ಮಕ್ಕಳಿಗೂ ನಾನೇ ಅಂಟಿಸಿಬಿಟ್ಟೆನೇ ಎಂಬ ಯೋಚನೆ ಒಂದರ ಮೇಲೊಂದು ಬಂತು. ಎಲ್ಲಿಂದ ಬಂತು ಎಂದು ಲಿವರ್ ತಜ್ಞರು ಕೇಳಿದ ಪ್ರಶ್ನೆಗಳಿಗೆಲ್ಲ ಇಲ್ಲ, ಇಲ್ಲ ಎನ್ನುತ್ತ ಹೋದೆ. ಕೊನೆಗೆ, "ಚಿಕ್ಕಂದಿನಲ್ಲಿ ಎಂದಾದರೂ ನಿಮಗೆ ರಕ್ತ ಕೊಟ್ಟಿದ್ದರೇ?" ಎಂದರು. 1986ರಲ್ಲಿ, ನನಗೆ ಹನ್ನೆರಡು ವರ್ಷವಿದ್ದಾಗ ಅಪಘಾತವಾಗಿ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಆ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ಅದಕ್ಕೆ ಮೊದಲು ದಾನದ ರಕ್ತದಲ್ಲಿ ಅದನ್ನು ಹುಡುಕುವ ಪರೀಕ್ಷೆ ಇರಲೇ ಇಲ್ಲ. ಅದನ್ನು ಕಂಡುಹಿಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂದದ್ದನ್ನು ನಾನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ್ದೆ. ಆಗ ಅದು ನನ್ನ ಮೈಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷದಿಂದ ಇತ್ತು. ನನ್ನ ಪ್ರಾಣ ಉಳಿಸಿದ ರಕ್ತದಲ್ಲೇ ಅದು ಬಂದಿರಬೇಕು. ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ.

ಮನೆಯವರೆಲ್ಲರಿಗೂ ಪರೀಕ್ಷೆ ಮಾಡಿಸಿದೆವು, ಯಾರಿಗೂ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ, ಕೆಮ್ಮಿದರೆ ಇದು ಹರಡುವುದಿಲ್ಲ. ರಕ್ತ ತಗಲಬಹುದಾದ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಯಂಥವನ್ನು ಹಂಚಿಕೊಳ್ಳಬಾರದು. ಇದನ್ನು ಹತ್ತಿರದ ಬಂಧುಗಳಿಗೆ ನಾನೇ ಕೂತು ವಿವರಿಸಿದೆ. ಇಬ್ಬರು ಆಮೇಲೂ ನನ್ನ ಮನೆಯ ಲೋಟ ಮುಟ್ಟಲಿಲ್ಲ. ಅಕ್ಕ ಮಾತ್ರ ಬಂದವಳೇ ನನ್ನ ಪಕ್ಕ ಮಲಗಿ, "ನಿನ್ನ ಜೊತೆ ಒಂದೇ ಹಾಸಿಗೆಯಲ್ಲಿ ಬೆಳೆದವಳು ನಾನು, ಈಗ ದೂರ ಕೂರಲೇ?" ಎಂದಳು.

ಇಲ್ಲಿಂದ ಮುಂದೆ ನಿಜವಾದ ಗೊಂದಲ. ಲಿವರ್ ತಜ್ಞರು ಹೇಳಿದ್ದು: ಹೆಪಟೈಟಿಸ್ ಸಿ ತಾನೇ ಬಾಯಿ, ಕಣ್ಣು ಒಣಗಿಸಬಲ್ಲದು, ಹಾಗಾಗಿ ನಿಮಗೆ ಶೋಗ್ರೆನ್ ಇರಲಿಕ್ಕಿಲ್ಲ. ನಿಯಮದ ಪ್ರಕಾರ ಸಕ್ರಿಯ ಹೆಪಟೈಟಿಸ್ ಸಿ ಇರುವವರನ್ನು ಸಂಶೋಧನೆಗಾಗಿ ಶೋಗ್ರೆನ್ ಎಂದು ವರ್ಗೀಕರಿಸುವುದೂ ಇಲ್ಲವಂತೆ. ಶೋಗ್ರೆನ್ ಕಾಯಿಲೆಗೆ ನನ್ನನ್ನು ನೋಡುತ್ತಿದ್ದ ಸಂಧಿವಾತ ತಜ್ಞರು ಹೇಳಿದ್ದು: ರಕ್ತದಲ್ಲಿ ಆ ಕಾಯಿಲೆಯ ಗುರುತಾದ ಆಂಟಿ-ರೋ ಎಂಬ ಪ್ರತಿಕಾಯ ಜೋರಾಗಿದೆ, ಒಂಬತ್ತು ವರ್ಷದ ಹಿಂದಿನ ತುಟಿಯ ಬಯಾಪ್ಸಿ ಸ್ಪಷ್ಟವಾಗಿದೆ, ವೈರಸ್ ಒಂದರಿಂದ ಇಷ್ಟೆಲ್ಲ ಬರುವುದಿಲ್ಲ, ಎರಡೂ ಇವೆ. ಕ್ಯಾನ್ಸರ್ ತಜ್ಞರಿಗೆ ಚಿಕಿತ್ಸೆ ಆರಂಭಿಸುವ ಆತುರ. ಮೂವರೂ ಒಳ್ಳೆಯವರು, ಮೂವರೂ ತಮ್ಮ ಕಡತದಲ್ಲಿದ್ದದ್ದನ್ನು ಸರಿಯಾಗಿಯೇ ಓದಿದ್ದರು. ಆದರೆ ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಹೋಗಿರಲಿಲ್ಲ. ನಡುವೆ ಓಡಾಡುತ್ತಿದ್ದವಳು ನಾನು, ಅರ್ಧ ಅರ್ಥವಾದ ಮಾತುಗಳನ್ನು ಹೊತ್ತುಕೊಂಡು.

ಮಗಳು ಕಾಗದಗಳನ್ನು ಹರಡಿ ಕೂತದ್ದು ಆ ರಾತ್ರಿ. ದಿನಾಂಕದ ಸಾಲಿನಲ್ಲಿ ಇಟ್ಟಾಗ ಮೊದಲ ಬಾರಿಗೆ ಒಂದು ಚಿತ್ರ ಕಂಡಿತು. ನಾಲ್ಕು ವರ್ಷದ ಹಿಂದೆ ಲಿವರ್ ಪರೀಕ್ಷೆ ಸ್ವಲ್ಪ ಏರಿತ್ತು, ನೋವಿನ ಮಾತ್ರೆಯಿಂದ ಇರಬಹುದು ಎಂದು ಬಿಟ್ಟಿದ್ದರು. ಎರಡು ವರ್ಷದ ಹಿಂದೆ ಸಿ4 ತಗ್ಗಿತ್ತು, ಶೋಗ್ರೆನ್‌ನಿಂದ ಎಂದುಕೊಂಡಿದ್ದರು. ಒಂದು ವರ್ಷದಿಂದ ಚುಕ್ಕೆಗಳು. ಅವಳು ಇದನ್ನೆಲ್ಲ ಒಂದೇ ಪುಟದಲ್ಲಿ ಬರೆದು ಮೂರು ಪ್ರತಿ ಮಾಡಿ ಮೂವರಿಗೂ ಕೊಟ್ಟಳು. ಹತ್ತು ದಿನದಲ್ಲಿ ಮೂವರು ವೈದ್ಯರೂ ಒಂದೇ ಸಭೆಯಲ್ಲಿ ಕೂತು ನನ್ನ ವಿಷಯ ಚರ್ಚಿಸಿದರು. ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಇಂಥ ಜಂಟಿ ಸಭೆ ಇರುತ್ತದೆ. ನನ್ನ ಹೆಸರನ್ನು ಅದಕ್ಕೆ ಸೇರಿಸಿ, ಲಿವರ್ ಮತ್ತು ಸಂಧಿವಾತ ತಜ್ಞರನ್ನೂ ಕರೆಯಿರಿ ಎಂದು ಬಾಯಿಬಿಟ್ಟು ಕೇಳಬೇಕು. ಕೇಳಿದ್ದಕ್ಕೆ ಯಾರೂ ಬೇಸರಿಸಲಿಲ್ಲ.

ಸಭೆಯ ನಂತರ ಕ್ಯಾನ್ಸರ್ ತಜ್ಞರು ನನಗೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಿ ಕೋಶಗಳ ಕೆಲಸ ಶತ್ರುವನ್ನು ಕಂಡಾಗ ಹೆಚ್ಚಿ ಪ್ರತಿಕಾಯ ತಯಾರಿಸುವುದು, ಶತ್ರು ಹೋದಮೇಲೆ ತಣ್ಣಗಾಗುವುದು. ನನ್ನಲ್ಲಿ ಅವು ಎಂದೂ ತಣ್ಣಗಾಗಲಿಲ್ಲ. ಒಂದು ಕಡೆ ವೈರಸ್ ಅವನ್ನು ಕೆರಳಿಸುತ್ತಿತ್ತು, ಇನ್ನೊಂದು ಕಡೆ ಶೋಗ್ರೆನ್. ಸಾಮಾನ್ಯವಾಗಿ ಜೊಲ್ಲು ಗ್ರಂಥಿಯಲ್ಲಿ ಇರಬೇಕಾದುದಕ್ಕಿಂತ ಬಹಳ ಹೆಚ್ಚು ಬಿ ಕೋಶಗಳು ಅಲ್ಲಿ ನೆಲೆಯೂರಿ, ವರ್ಷಾನುಗಟ್ಟಲೆ ವಿಭಜನೆಯಾಗುತ್ತಲೇ ಹೋದವು. ಪ್ರತಿ ವಿಭಜನೆಯೂ ತಪ್ಪಾಗಲು ಒಂದು ಅವಕಾಶ. ಎಂದೋ ಒಂದು ಕೋಶದಲ್ಲಿ ತಪ್ಪು ನಿಂತುಬಿಟ್ಟಿತು, ಅದರ ಸಂತತಿ ಬೆಳೆಯಿತು. ಕಾಲಿನ ಚುಕ್ಕೆಗಳಿಗೆ ಕಾರಣವೂ ಇದೇ ಕೋಶಗಳು ಮಾಡುವ ಒಂದು ಬಗೆಯ ಪ್ರತಿಕಾಯ. ತಂಪಾದಾಗ ಅದು ರಕ್ತದಲ್ಲಿ ಹೆಪ್ಪುಗಟ್ಟಿದಂತಾಗಿ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಅದರ ಹೆಸರು ಕ್ರಯೋಗ್ಲೋಬ್ಯುಲಿನ್.

ಇದನ್ನು ಪತ್ತೆಹಚ್ಚುವ ಪರೀಕ್ಷೆಯ ಬಗ್ಗೆ ಒತ್ತಿ ಹೇಳಬೇಕು. ಮೊದಲ ಸಲ ಮನೆಯ ಹತ್ತಿರದ ಪ್ರಯೋಗಾಲಯದಲ್ಲಿ ರಕ್ತ ಕೊಟ್ಟೆ, ಇಲ್ಲ ಎಂದು ಬಂತು. ಸಂಧಿವಾತ ತಜ್ಞರು ನಂಬಲಿಲ್ಲ. ತೆಗೆದ ರಕ್ತವನ್ನು ಸೀರಮ್ (ರಕ್ತದ ತಿಳಿ ಭಾಗ) ಬೇರ್ಪಡಿಸುವವರೆಗೂ 37 ಡಿಗ್ರಿ ಬಿಸಿಯಲ್ಲೇ ಇಡಬೇಕು. ತಣ್ಣಗಾದರೆ ಆ ಪ್ರೋಟೀನ್ ಗರಣೆಯೊಂದಿಗೆ ಕೆಳಗೆ ಕೂತು, ಪರೀಕ್ಷಿಸುವ ಭಾಗದಲ್ಲಿ ಏನೂ ಉಳಿಯುವುದಿಲ್ಲ. ಬೆಳಿಗ್ಗೆ ಕೊಟ್ಟ ನನ್ನ ರಕ್ತ ಎಲ್ಲರ ಕೊಳವೆಗಳ ಜೊತೆ ಮಂಜಿನ ಡಬ್ಬಿಯಲ್ಲಿ ಕೂತಿತ್ತು. ಎರಡನೆಯ ಸಲ ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದೊಳಗೇ ಹೋಗಿ, ಬಿಸಿ ಮಾಡಿದ ಕೊಳವೆಯಲ್ಲಿ ಕೊಟ್ಟೆ. ಫಲಿತಾಂಶಕ್ಕೆ ಒಂದು ವಾರ ಹಿಡಿಯಿತು, ಏಕೆಂದರೆ ಬೇರ್ಪಡಿಸಿದ ಸೀರಮ್ಮನ್ನು ಆಮೇಲೆ ಹಲವು ದಿನ ತಂಪಿನಲ್ಲಿಟ್ಟು ಕಾಯುತ್ತಾರೆ. ಇದೆ ಎಂದು ಬಂತು. ಹೋಗುವ ಮೊದಲೇ, ರಕ್ತವನ್ನು ಬಿಸಿಯಾಗಿಡುವ ವ್ಯವಸ್ಥೆ ಇದೆಯೇ ಎಂದು ಫೋನ್ ಮಾಡಿ ಕೇಳಿ. ಇಲ್ಲವೆಂದರೆ ಅಲ್ಲಿ ಕೊಡಬೇಡಿ.

ಮುಂದಿನದು ರೋಗ ಎಲ್ಲೆಲ್ಲಿದೆ ಎಂದು ನೋಡುವ ಪೆಟ್ ಸ್ಕ್ಯಾನ್, ಅದಕ್ಕೆ ಮೊದಲು ಆರು ಗಂಟೆ ಏನೂ ತಿನ್ನಬಾರದು. ಒಣ ಬಾಯಿಯವರು ನೀರು ಕುಡಿಯಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ನನಗೆ ಬರಿಯ ನೀರಿಗೆ ಒಪ್ಪಿದರು. ಚುಚ್ಚುಮದ್ದಿನ ನಂತರ ಒಂದು ಗಂಟೆ ಅಲುಗಾಡದೆ, ಮಾತನಾಡದೆ ಕೂರಬೇಕು. ವರದಿಯಲ್ಲಿ ಎರಡೂ ಕಡೆಯ ಗ್ರಂಥಿಗಳು ಬೆಳಗಿದ್ದವು. ಎರಡೂ ಕಡೆ ಕ್ಯಾನ್ಸರ್ ಎಂದು ನಾನೇ ಓದಿಕೊಂಡು ಒಂದಿಡೀ ರಾತ್ರಿ ನಿದ್ದೆಗೆಟ್ಟೆ. ಬಲಗಡೆಯದ್ದು ಶೋಗ್ರೆನ್‌ನ ಉರಿಯೂತ ಎಂದು ಮರುದಿನ ತಿಳಿಯಿತು. ವರದಿಯನ್ನು ವೈದ್ಯರ ಎದುರಿನಲ್ಲಿ ಮಾತ್ರ ಬಿಚ್ಚಿ, ನನ್ನಂತೆ ಮಾಡಬೇಡಿ. ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆಯುವಾಗ, ಮರಗಟ್ಟಿಸಿದ್ದರೂ, ಎಳೆಯುವ ಕೆಲವು ಕ್ಷಣ ಕಾಲಿನವರೆಗೂ ಜಗ್ಗಿದಂತಾಗುತ್ತದೆ. ಅಷ್ಟೇ. ಮಜ್ಜೆ ಶುದ್ಧವಾಗಿತ್ತು. ರೋಗ ಎಡಗ್ರಂಥಿ ಮತ್ತು ಕತ್ತಿನ ಒಂದು ದುಗ್ಧರಸ ಗ್ರಂಥಿಯಲ್ಲಿ ಮಾತ್ರ.

ನಂತರ ಬಂದ ತೀರ್ಮಾನಕ್ಕೆ ನಾನು ಸಿದ್ಧಳಿರಲಿಲ್ಲ. ಮೊದಲು ವೈರಸ್ಸಿಗೆ ಔಷಧ, ಕ್ಯಾನ್ಸರಿಗೆ ಸದ್ಯಕ್ಕೆ ಏನೂ ಇಲ್ಲ.

"ಕ್ಯಾನ್ಸರನ್ನು ಹಾಗೇ ಬಿಟ್ಟು ಕಾಯುವುದೇ?" ಎಂದು ನನ್ನ ಪತಿ ಕುರ್ಚಿಯಿಂದ ಎದ್ದೇಬಿಟ್ಟರು. ವೈದ್ಯರು ತಾಳ್ಮೆಯಿಂದ ಕೂರಿಸಿ ಹೇಳಿದರು. ಫ್ರಾನ್ಸಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿ, ಗುಲ್ಮದ (ಸ್ಪ್ಲೀನ್) ಲಿಂಫೋಮಾ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ಒಂಬತ್ತು ಜನರಿಗೆ ವೈರಸ್ಸಿನ ವಿರುದ್ಧದ ಔಷಧವಾದ ಇಂಟರ್‌ಫೆರಾನ್ ಕೊಟ್ಟಿದ್ದರು. ವೈರಸ್ ಮಾಯವಾದಾಗ ಏಳು ಜನರಲ್ಲಿ ಲಿಂಫೋಮಾವೂ ಪೂರ್ತಿ ಹಿಮ್ಮೆಟ್ಟಿತು. ವೈರಸ್ ಇಲ್ಲದ ಆರು ಜನರಿಗೆ ಅದೇ ಔಷಧ ಕೊಟ್ಟಾಗ ಏನೂ ಆಗಲಿಲ್ಲ. ಅಂದರೆ ಔಷಧ ಕ್ಯಾನ್ಸರನ್ನು ಹೊಡೆಯಲಿಲ್ಲ. ಅದಕ್ಕೆ ಸಿಗುತ್ತಿದ್ದ ಪ್ರಚೋದನೆಯನ್ನು ನಿಲ್ಲಿಸಿತು. ನಿಧಾನ ಬೆಳೆಯುವ ಲಿಂಫೋಮಾ ಇದ್ದು, ತುರ್ತು ತೊಂದರೆ ಇಲ್ಲದವರಲ್ಲಿ ಮೊದಲು ವೈರಸ್ ತೆಗೆದು ನೋಡುವುದು ಅಂದಿನಿಂದ ಬೆಳೆದುಬಂದ ಪದ್ಧತಿ. ನಿಮಗೆ ಶೋಗ್ರೆನ್ ಕೂಡ ಇರುವುದರಿಂದ ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಒಪ್ಪಿದೆ. ವೇಗವಾಗಿ ಬೆಳೆಯುವ ಲಿಂಫೋಮಾ ಆದರೆ ಹೀಗೆ ಕಾಯುವಂತಿಲ್ಲ ಎಂಬುದನ್ನು ಗಮನಿಸಿ.

ಈಗ ಇಂಟರ್‌ಫೆರಾನ್ ಚುಚ್ಚಿಸಿಕೊಳ್ಳಬೇಕಿಲ್ಲ. ಸೊಫೋಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಒಂದು ಮಾತ್ರೆ, ದಿನಕ್ಕೆ ಒಂದು, 12 ವಾರ. ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಈಗ ಸೋಂಕಿದೆಯೇ ಎಂದು ತೋರಿಸುವ ಮೇಲ್ಮೈ ಆಂಟಿಜೆನ್ ಪರೀಕ್ಷೆಯೊಂದೇ ಸಾಲದು, ಹಿಂದೆ ಬಂದುಹೋಗಿದ್ದನ್ನೂ ತೋರಿಸುವ ಕೋರ್ ಪ್ರತಿಕಾಯವನ್ನೂ ನೋಡಬೇಕು. ಎಂದೋ ಬಂದುಹೋಗಿ ಒಳಗೆ ಮಲಗಿರುವ ಹೆಪಟೈಟಿಸ್ ಬಿ, ಸಿ ವೈರಸ್ ಹೋದಾಗಲೂ ಎದ್ದೇಳಬಲ್ಲದು, ರಿಟುಕ್ಸಿಮ್ಯಾಬ್ ಕೊಟ್ಟಾಗ ಅದಕ್ಕಿಂತ ಜೋರಾಗಿ ಎದ್ದೇಳಬಲ್ಲದು. ನನ್ನ ಕಡತದಲ್ಲಿ ಮೊದಲ ಪರೀಕ್ಷೆಯ ವರದಿ ಮಾತ್ರ ಇತ್ತು, ಎರಡನೆಯದಕ್ಕೆ ಮತ್ತೊಂದು ಸಲ ರಕ್ತ ಕೊಟ್ಟು ನಾಲ್ಕು ದಿನ ಕಾದೆ. ಎರಡರಲ್ಲೂ ಸೋಂಕಿನ ಗುರುತಿರಲಿಲ್ಲ.

ಇನ್ನೊಂದು ಅಡ್ಡಿ ನನ್ನ ಮನೆಯ ಔಷಧದ ಡಬ್ಬಿಯಲ್ಲೇ ಇತ್ತು. ವರ್ಷಗಳಿಂದ ಹೊಟ್ಟೆಯುರಿಗೆ ಆಮ್ಲ ಕಡಿಮೆ ಮಾಡುವ ಮಾತ್ರೆ ನುಂಗುತ್ತಿದ್ದೆ. ಅದು ಔಷಧ ಎಂದೇ ನನಗೆ ಅನ್ನಿಸುತ್ತಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಬರೆದಿರಲಿಲ್ಲ. ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಔಷಧಾಲಯದ ಹುಡುಗಿಯೊಬ್ಬಳು, "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಆಂಟಿ, ಗ್ಯಾಸಿಗೆ, ನೋವಿಗೆ?" ಎಂದು ಕೇಳಿದ್ದರಿಂದ ಹೊರಬಿತ್ತು. ಅವಳಿಗೆ ನಾನು ಋಣಿ. ವೈದ್ಯರು ಆ ಮಾತ್ರೆ ನಿಲ್ಲಿಸಿದರು. ಹೃದಯ ಬಡಿತಕ್ಕೆ ಅಮಿಯೋಡರೋನ್ ತೆಗೆದುಕೊಳ್ಳುವವರಿಗಂತೂ ಈ ಚಿಕಿತ್ಸೆಯಲ್ಲಿ ಅಪಾಯವಿದೆ, ತಪ್ಪದೆ ಹೇಳಿ.

ಹಣದ ವಿಷಯ. ವೈರಸ್ ಔಷಧದ ಜೆನೆರಿಕ್ ರೂಪ ಸಿಕ್ಕಿದ್ದರಿಂದ ನಾವು ಹೆದರಿದಷ್ಟು ಆಗಲಿಲ್ಲ. ಹೆಚ್ಚು ಹೋದದ್ದು ಸ್ಕ್ಯಾನುಗಳಿಗೆ, ಆಮೇಲೆ ರಿಟುಕ್ಸಿಮ್ಯಾಬಿಗೆ. ವಿಮೆಯವರು ಮೊದಲು ಎಲ್ಲವನ್ನೂ ತಿರಸ್ಕರಿಸಿದರು. ವೈರಸ್ ಸೋಂಕು ಪಾಲಿಸಿಗಿಂತ ಹಳೆಯದು, ಕ್ಯಾನ್ಸರಿಗೆ ವೈರಸ್ ಔಷಧ ಏಕೆ ಎಂಬ ಎರಡು ಕಾರಣ ಕೊಟ್ಟರು. ಸೋಂಕು ಹಳೆಯದಾದರೂ ನನಗೆ ತಿಳಿದದ್ದು ಈಗ ಎಂಬುದಕ್ಕೆ ಮೊದಲ ಪರೀಕ್ಷೆಯ ದಿನಾಂಕ, ವೈರಸ್ ಔಷಧವೇ ಲಿಂಫೋಮಾದ ಮೊದಲ ಚಿಕಿತ್ಸೆ ಎಂದು ಜಂಟಿ ಸಭೆಯ ಟಿಪ್ಪಣಿಯೊಂದಿಗೆ ಕ್ಯಾನ್ಸರ್ ತಜ್ಞರ ಪತ್ರ, ಇವೆರಡನ್ನೂ ಲಗತ್ತಿಸಿ ಮೇಲ್ಮನವಿ ಸಲ್ಲಿಸಿದೆವು. ಏಳು ವಾರದ ನಂತರ ದೊಡ್ಡ ಭಾಗ ಮಂಜೂರಾಯಿತು. ಆ ಸಭೆಯ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಬಯಾಪ್ಸಿಯ ಗಾಜಿನ ಸ್ಲೈಡುಗಳು ಮತ್ತು ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎಲ್ಲಿವೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬೇರೆಡೆ ಅಭಿಪ್ರಾಯ ಕೇಳುವಾಗ ಕಾಗದದ ವರದಿ ಸಾಲದು, ಅವೇ ಬೇಕಾಗುತ್ತವೆ.

ನಾಲ್ಕನೆಯ ವಾರದ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕೂತಿದ್ದದ್ದು ನಾಲ್ಕು ವಾರದಲ್ಲಿ! ಎಂಟನೆಯ ವಾರದ ಹೊತ್ತಿಗೆ ಕಾಲಿನ ಚುಕ್ಕೆಗಳು ನಿಂತವು. ಬಾವು ಮಾತ್ರ ಹಾಗೇ ಇತ್ತು. ಕೋರ್ಸ್ ಮುಗಿದು ಮತ್ತೆ 12 ವಾರ ಕಾದು ಮಾಡುವ ಪರೀಕ್ಷೆಯಲ್ಲೂ ವೈರಸ್ ಇಲ್ಲದಿದ್ದರೆ ಮಾತ್ರ ಗುಣವಾಯಿತು ಎನ್ನುತ್ತಾರೆ. ಕೈಯಲ್ಲಿ ಔಷಧವಿಲ್ಲದ, ಮೈಯಲ್ಲಿ ಕ್ಯಾನ್ಸರ್ ಇರುವ ಆ 12 ವಾರ ಇಡೀ ಪಯಣದಲ್ಲಿ ಅತ್ಯಂತ ಕಠಿಣ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಳೆಯುತ್ತಿದ್ದೆ. ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಪತಿ ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆಯಲು ಆರಂಭಿಸಿದರು, ಉಳಿದ ದಿನ ನೋಡಬೇಡ ಎಂದರು. ಹತ್ತನೆಯ ಭಾನುವಾರದ ಫೋಟೊವನ್ನು ಮೊದಲನೆಯದರ ಪಕ್ಕ ಇಟ್ಟಾಗ ಇಬ್ಬರೂ ಮಾತಾಡಲಿಲ್ಲ. ಗದ್ದದ ಗೆರೆ ಮತ್ತೆ ಕಾಣುತ್ತಿತ್ತು.

ಸ್ಕ್ಯಾನ್ ಕೂಡ ಅದನ್ನೇ ಹೇಳಿತು: ಕತ್ತಿನ ಗಂಟು ಹೋಗಿತ್ತು, ಬಾವು ಅರ್ಧಕ್ಕಿಂತ ಚಿಕ್ಕದಾಗಿತ್ತು, ಪೂರ್ತಿ ಹೋಗಿರಲಿಲ್ಲ. ವೈರಸ್ ಗುಣವಾಗಿತ್ತು. ಉಳಿದದ್ದಕ್ಕೆ ರಿಟುಕ್ಸಿಮ್ಯಾಬ್, ವಾರಕ್ಕೊಂದರಂತೆ ನಾಲ್ಕು. ಇದು ಬೇಕಾಗಬಹುದೆಂದು ವೈದ್ಯರಿಗೆ ಅಂದಾಜಿತ್ತು. ಬಯಾಪ್ಸಿಯ ದಿನಗಳಲ್ಲೇ ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ ಹಾಕಿಸಿದ್ದರು. ಈ ಔಷಧ ಒಳ್ಳೆಯ ಬಿ ಕೋಶಗಳನ್ನೂ ಅಳಿಸುವುದರಿಂದ ಆಮೇಲೆ ಹಲವು ತಿಂಗಳು ಲಸಿಕೆ ಸರಿಯಾಗಿ ಹತ್ತುವುದಿಲ್ಲ. ನೀವಾಗಿಯೇ ನೆನಪಿಸಿ.

ಮೊದಲ ಡ್ರಿಪ್ ಬಗ್ಗೆ ಎಚ್ಚರಿಸಿದ್ದರು, ಆದರೂ ಹೆದರಿದೆ. ಆರಂಭವಾಗಿ ಮುಕ್ಕಾಲು ಗಂಟೆಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ, ಗಂಟಲಲ್ಲಿ ತುರಿಕೆ. ನರ್ಸ್ ಓಡಿ ಬಂದು ಡ್ರಿಪ್ ನಿಲ್ಲಿಸಿ, ಕಂಬಳಿ ಹೊದಿಸಿ, ಚುಚ್ಚುಮದ್ದು ಕೊಟ್ಟು, "ಮೊದಲ ಸಲ ಹಲವರಿಗೆ ಹೀಗಾಗುತ್ತದೆ ಅಮ್ಮ, ನಿಧಾನ ಮಾಡೋಣ" ಎಂದಳು. ಅರ್ಧ ಗಂಟೆಯ ನಂತರ ಅರ್ಧ ವೇಗದಲ್ಲಿ ಮತ್ತೆ ಹಾಕಿದರು. ಬೆಳಿಗ್ಗೆ ಎಂಟಕ್ಕೆ ಹೋದವಳು ಸಂಜೆ ಏಳಕ್ಕೆ ಹೊರಬಂದೆ. ಗಂಟಲು ತುರಿಸಿದ ಕೂಡಲೇ ಹೇಳಬೇಕು, ಸಹಿಸಿಕೊಂಡು ಕೂರಬಾರದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಆ ಬೆಳಿಗ್ಗೆ ಅದನ್ನು ಬಿಡಬೇಕೇ ಎಂದು ಮುಂಚೆಯೇ ಕೇಳಿ, ಡ್ರಿಪ್ ವೇಳೆ ಒತ್ತಡ ಕುಸಿಯಬಹುದು. ಉಳಿದ ಮೂರು ಸಲ ಏನೂ ಆಗಲಿಲ್ಲ. ಕೂದಲು ಉದುರಲಿಲ್ಲ. ದಣಿವು ಬಹಳ ಇತ್ತು, ಮತ್ತು ಎರಡು ತಿಂಗಳ ನಂತರ ಬಂದ ಸಾಮಾನ್ಯ ಕೆಮ್ಮು ಮೂರು ವಾರ ಬಿಡಲಿಲ್ಲ.

ಮೂರು ತಿಂಗಳ ನಂತರದ ಸ್ಕ್ಯಾನಿನದೇ ಕಳೆದ ವಾರ ಬಂದ ವರದಿ. ಕಣ್ಣು, ಬಾಯಿ ಇನ್ನೂ ಒಣಗಿಯೇ ಇವೆ. ಶೋಗ್ರೆನ್ ಎಲ್ಲಿಗೂ ಹೋಗಿಲ್ಲ. ಲಿವರ್ ತಜ್ಞರು, ಸಂಧಿವಾತ ತಜ್ಞರು ಇಬ್ಬರಲ್ಲಿ ಯಾರು ಸರಿ ಎಂಬ ಆ ಹಳೆಯ ವಾದ ಹಾಗೆ ಇತ್ಯರ್ಥವಾಯಿತು. ಹಾಗಾಗಿ ಲಿಂಫೋಮಾ ಮರಳುವ ಸಾಧ್ಯತೆಯೂ ಪೂರ್ತಿ ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಸಿ4, ಕ್ರಯೋಗ್ಲೋಬ್ಯುಲಿನ್, ಲಿವರ್ ನೋಡುತ್ತಾರೆ.

ನಿನ್ನೆ ಹಲ್ಲಿನ ಆಸ್ಪತ್ರೆಗೆ ಹೋಗಿದ್ದೆ. ಹಲ್ಲು ಕೀಳುವ ಮೊದಲು ಮಾಡಿದ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಎಂದು ಬಂದು, ಅಲ್ಲಿನ ಸಿಬ್ಬಂದಿಯ ಮುಖ ಬದಲಾಯಿತು. ಒಂದು ಕ್ಷಣ ನನ್ನ ಎದೆಯೂ ಧಸಕ್ಕೆಂದಿತು. ಆಮೇಲೆ ನೆನಪಾಯಿತು: ಆ ಪರೀಕ್ಷೆ ನೋಡುವುದು ಪ್ರತಿಕಾಯವನ್ನು, ವೈರಸ್ಸನ್ನಲ್ಲ. ಗುಣವಾದವರಲ್ಲೂ ಪ್ರತಿಕಾಯ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ವೈರಸ್ ಇದೆಯೇ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಕಡತ ಬಿಚ್ಚಿ, ಮಗಳು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದ ಆರ್‌ಎನ್‌ಎ ವರದಿಯನ್ನು ಮೇಜಿನ ಮೇಲೆ ಇಟ್ಟೆ. ವೈದ್ಯೆ ಅದನ್ನು ಎರಡು ಸಲ ಓದಿ, ಕೈಗವಸು ಹಾಕಿಕೊಳ್ಳುತ್ತ, "ಬನ್ನಿ, ಕೂತುಕೊಳ್ಳಿ" ಎಂದರು.